ಅದತ್ತಾದಾನವೂ ಗಣಕಯಂತ್ರದ ತಂತ್ರಾಂಶವೂ

ಶ್ರಾವಕನ ಪಂಚಾಣುವ್ರತಗಳಲ್ಲಿ ಅಚೌರ್ಯಾಣುವ್ರತವೇ ಪಾಲಿಸಲು ಅತ್ಯಂತ ಸುಲಭವಾದುದೆಂದು ನಮ್ಮಲ್ಲಿ ಬಹುಮಂದಿ ಭಾವಿಸಿರುತ್ತಾರೆ. ಅಹಿಂಸಾಣುವ್ರತಕ್ಕೆ ನಡೆಯುವಾಗಲೂ ಅಡಿಗೆ ಮಾಡುವಾಗಲೂ ನೀರು ಸೋಸುವಾಗಲೂ ಎಚ್ಚರವಿರಬೇಕು. ಸತ್ಯಾಣುವ್ರತವು ನಾಲಗೆಯನ್ನು ಕಾಯುವ ಕೆಲಸ. ಅದು ಎಷ್ಟು ಕಠಿಣವೆಂಬುದು ಸಂಸಾರಿಗಳೆಲ್ಲರಿಗೂ ಗೊತ್ತು. ಆದರೆ ಪರರ ಮನೆಗೆ ಕನ್ನ ಹಾಕದೆ, ಪರರ ಜೇಬಿಗೆ ಕೈ ಹಾಕದೆ ಬಾಳುವುದು ಮರ್ಯಾದಸ್ಥರಾದ ಗೃಹಸ್ಥರಿಗೆ ಏನು ಕಷ್ಟ? ಇಪ್ಪತ್ತಾರು ವರ್ಷಗಳ ಹಿಂದೆ ಮುನಿಮಹಾರಾಜರ ಸನ್ನಿಧಿಯಲ್ಲಿ ಅಣುವ್ರತಗಳನ್ನು ಸ್ವೀಕರಿಸಿದಾಗ ನಾನೂ ಹೀಗೆಯೇ ಎಣಿಸಿದ್ದೆ. ಉಳಿದ ನಾಲ್ಕರ ವಿಷಯದಲ್ಲಿ ಪ್ರತಿಕ್ರಮಣದ ವೇಳೆ ಏನಾದರೊಂದು ತಪ್ಪು ನೆನಪಿಗೆ ಬಂದು ಪಶ್ಚಾತ್ತಾಪಪಡುತ್ತಿದ್ದೆನಾದರೂ, ಮೂರನೆಯದರ ಮಾತು ಬಂದಾಗ ಮನಸ್ಸು ನಿರಾತಂಕವಾಗಿ ಮುಂದೆ ಸಾಗುತ್ತಿತ್ತು.

ಕಳೆದ ದಶಲಕ್ಷಣ ಪರ್ವದ ಮರುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕ್ಷಮಾಪನೆಗಾಗಿ ಮನೆಗೆ ಬಂದಿದ್ದನು. ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಉದ್ಯೋಗ. ಬಸದಿಯ ಪಾಠಶಾಲೆಯ ಮಕ್ಕಳಿಗಾಗಿ ನಾನು ಸಿದ್ಧಪಡಿಸುತ್ತಿದ್ದ ಶ್ರಾವಕಾಚಾರದ ಟಿಪ್ಪಣಿಗಳನ್ನು ಗಣಕಯಂತ್ರದಲ್ಲಿ ತೋರಿಸಿದೆ. ಐದು ವರ್ಷಗಳ ಕೆಲಸ, ಮುನ್ನೂರಕ್ಕೂ ಹೆಚ್ಚು ಪುಟ. ಅವನು ಮೆಚ್ಚಿಕೊಂಡು ಓದಿದನು, ಆಮೇಲೆ ತುಸು ಸಂಕೋಚದಿಂದ, “ಗುರುಗಳೇ, ಈ ಬರವಣಿಗೆಯ ತಂತ್ರಾಂಶ ತಾವು ಕೊಂಡದ್ದೇ?” ಎಂದು ಕೇಳಿದನು. ಯಂತ್ರವನ್ನು ಮಾರಿದ ಅಂಗಡಿಯವರು ಎಲ್ಲವನ್ನೂ ಹಾಕಿಯೇ ಕೊಟ್ಟಿದ್ದಾರೆಂದೆ. ಅವನು ಎರಡು ಗುಂಡಿಗಳನ್ನೊತ್ತಿ ನೋಡಿ ಸುಮ್ಮನಾದನು. ಒತ್ತಾಯಿಸಿ ಕೇಳಿದ ಮೇಲೆ, ಬರವಣಿಗೆಯದೂ ಪುಟವಿನ್ಯಾಸದ್ದೂ ಎರಡೂ ಬೀಗ ಮುರಿದು ನಕಲು ಮಾಡಿದವೆಂದೂ, ಇಂತಹವು ಲಕ್ಷಾಂತರ ಮನೆಗಳಲ್ಲಿವೆಯೆಂದೂ, ಅದಕ್ಕಾಗಿ ನಾನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲವೆಂದೂ ಹೇಳಿದನು.

ಹಚ್ಚಿಕೊಳ್ಳದೆ ಇರುವುದಾದರೂ ಹೇಗೆ? ತೆರೆಯ ಮೇಲಿದ್ದ ಪುಟವು ಅಚೌರ್ಯಾಣುವ್ರತದ ಅತಿಚಾರಗಳದೇ ಆಗಿತ್ತು.

ಅಂದಿನಿಂದ ಈ ವಿಷಯವನ್ನು ಶಾಸ್ತ್ರಮುಖವಾಗಿಯೂ ಲೋಕಮುಖವಾಗಿಯೂ ಆಲೋಚಿಸಿದ್ದೇನೆ. ವ್ರತ-ಉಪವಾಸಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಗಣಕಯಂತ್ರದ ಮಾತೇಕೆಂದು ವಾಚಕರು ಕೇಳಬಹುದು. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವಿದ್ದು, ಸ್ವಾಧ್ಯಾಯವೆಂದು ಭಾವಿಸಿ ಆ ಯಂತ್ರದ ಮುಂದೆಯೇ ನಾನು ಕುಳಿತಿರುತ್ತಿದ್ದೆ. ನಿರ್ಜರೆಗಾಗಿ ಅನ್ನವನ್ನು ಬಿಟ್ಟವನು ಅದೇ ಹೊತ್ತಿನಲ್ಲಿ ಕೊಡದುದನ್ನು ಕೊಂಡು ಬಳಸುತ್ತಿದ್ದರೆ ಆ ಉಪವಾಸದ ಗತಿಯೇನು? ನನಗೆ ಇದು ಚರ್ಚೆಗಾಗಿ ಎತ್ತಿಕೊಂಡ ಪ್ರಶ್ನೆಯಲ್ಲ.

ಮೊದಲು ನನ್ನ ಶಿಷ್ಯನ ವಾದವನ್ನೇ ನೋಡೋಣ. ಅವನೆಂದನು: ಒಬ್ಬನ ಹಸುವನ್ನು ಅಪಹರಿಸಿದರೆ ಅವನ ಕೊಟ್ಟಿಗೆ ಬರಿದಾಗುತ್ತದೆ, ತಂತ್ರಾಂಶವನ್ನು ನಕಲು ಮಾಡಿದರೆ ಒಡೆಯನಲ್ಲಿ ಇದ್ದದ್ದು ಇದ್ದಂತೆಯೇ ಇರುತ್ತದೆ. ಒಂದು ಸೊಡರಿನಿಂದ ಇನ್ನೊಂದನ್ನು ಹೊತ್ತಿಸಿದಂತೆ. ನಷ್ಟವೇ ಇಲ್ಲದೆಡೆ ಕಳವೆಲ್ಲಿಯದು? ಈ ವಾದಕ್ಕೆ ಬಲವಿಲ್ಲವೆನ್ನಲಾಗದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಧನಾದಿಗಳನ್ನು ಮನುಷ್ಯನ ಹೊರಗಣ ಪ್ರಾಣಗಳಂತೆ ಎಣಿಸಿ, ಅವುಗಳ ಅಪಹಾರವನ್ನು ಹಿಂಸೆಯಲ್ಲಿಯೇ ಸೇರಿಸಿದ್ದಾರೆ. ಏನನ್ನೂ ಕಳೆದುಕೊಳ್ಳದವನಿಗೆ ಆ ಹಿಂಸೆ ತಟ್ಟಿತೇ ಎಂಬ ಸಂದೇಹ ಬರುವುದು ಸಹಜ.

ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸ್ತೇಯದ ಲಕ್ಷಣವನ್ನು ಹೇಳುವಾಗ ಕಳೆದುಕೊಂಡವನ ಕಡೆಯಿಂದ ಹೇಳಲಿಲ್ಲ. ತೆಗೆದುಕೊಂಡವನ ಕಡೆಯಿಂದ ಹೇಳಿದರು. ಕೊಡದಿರುವುದನ್ನು ಪ್ರಮತ್ತಯೋಗದಿಂದ ಕೊಂಡರೆ ಅದು ಸ್ತೇಯ. ಒಡೆಯನ ಭಂಡಾರ ಬರಿದಾಯಿತೋ ತುಂಬಿಯೇ ಇದೆಯೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಇಟ್ಟದ್ದು, ಬಿದ್ದದ್ದು, ಮರೆತದ್ದು ಎಂದು ಪರಧನವನ್ನು ವಿಂಗಡಿಸಿದ್ದರಲ್ಲಿಯೂ ಇದೇ ದೃಷ್ಟಿಯಿದೆ. ದಾರಿಯಲ್ಲಿ ಬಿದ್ದ ನಾಣ್ಯವನ್ನು ಎತ್ತಿಕೊಂಡರೆ, ಆಗಲೇ ಕಳೆದುಕೊಂಡವನಿಗೆ ಹೊಸ ನಷ್ಟವೇನೂ ಆಗುವುದಿಲ್ಲ. ಆದರೂ ವ್ರತಿಯು ಎತ್ತುವಂತಿಲ್ಲ.

ಇಲ್ಲಿ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನಡೆಸಿರುವ ವಿಚಾರವು ನಮ್ಮ ಪ್ರಶ್ನೆಗಾಗಿಯೇ ಬರೆದಂತಿದೆ. ಕೊಡದುದನ್ನು ಕೊಳ್ಳುವುದೆಲ್ಲವೂ ಕಳವಾದರೆ ಜೀವನು ಪ್ರತಿಕ್ಷಣವೂ ಗ್ರಹಿಸುವ ಕರ್ಮಪರಮಾಣುಗಳನ್ನು ಯಾರು ಕೊಟ್ಟರು, ಅದೂ ಕಳವೇ ಎಂದು ಪೂರ್ವಪಕ್ಷಿಯು ಕೇಳುತ್ತಾನೆ. ಎಲ್ಲಿ ಕೊಡು-ಕೊಳ್ಳುವಿಕೆಯ ವ್ಯವಹಾರ ಸಂಭವಿಸುತ್ತದೆಯೋ ಅಲ್ಲಿ ಮಾತ್ರ ಸ್ತೇಯದ ಮಾತು ಎಂಬುದು ಆಚಾರ್ಯರ ಉತ್ತರ. ಹಾಗಾದರೆ ಆಹಾರಕ್ಕಾಗಿ ಊರೊಳಗೆ ಬರುವ ಮುನಿಯು ಬೀದಿಯಲ್ಲಿಯೂ ಹೆಬ್ಬಾಗಿಲಿನಲ್ಲಿಯೂ ನಡೆಯುತ್ತಾನಲ್ಲ, ಅವನ್ನು ಅವನಿಗೆ ಯಾರು ಕೊಟ್ಟರು? ಅವು ಸರ್ವರಿಗೂ ಸಾಮಾನ್ಯವಾಗಿ ಬಿಡಲ್ಪಟ್ಟವು, ಆದುದರಿಂದ ದೋಷವಿಲ್ಲ. ಮುಚ್ಚಿದ ಬಾಗಿಲನ್ನು ಮುನಿಯು ತೆರೆದು ಒಳಹೋಗುವುದಿಲ್ಲ, ಏಕೆಂದರೆ ಅದು ಬಿಡಲ್ಪಟ್ಟುದಲ್ಲ. ಸಾವಿರದ ನಾನೂರು ವರ್ಷಗಳಿಗೂ ಹಿಂದೆ ಕನ್ನಡ ನೆಲದ ಆಚಾರ್ಯರು ಮಾಡಿದ ಈ ವಿಭಾಗವು, ಬೀದಿ ಮತ್ತು ಮುಚ್ಚಿದ ಬಾಗಿಲು, ಇಂದಿಗೂ ಸಾಕು. ನಾನು ಬಳಸುತ್ತಿದ್ದುದು ಮುಚ್ಚಿದ ಬಾಗಿಲು. ಬೀಗ ಮುರಿದವನು ಬೇರೊಬ್ಬನೆಂಬುದಷ್ಟೇ ವ್ಯತ್ಯಾಸ. ಕದ್ದವನಿಂದ ಕೊಳ್ಳುವುದಕ್ಕೂ ತದಾಹೃತಾದಾನವೆಂಬ ಅತಿಚಾರವಿದೆ.

ತಿಳಿಯದೆ ಬಳಸಿದ ಐದು ವರ್ಷಗಳ ಗತಿಯೇನೆಂಬುದು ಬೇರೆ ಪ್ರಶ್ನೆ. ಪ್ರಮತ್ತಯೋಗವಿಲ್ಲದೆಡೆ ಸ್ತೇಯವಿಲ್ಲವೆಂದು ಹೇಳಿಕೊಂಡು ನಾನು ಸಮಾಧಾನಪಡಬಹುದಾಗಿತ್ತು. ಆದರೆ ನೂರಾರು ಪುಸ್ತಕಗಳಿಗೆ ಬೆಲೆ ಕೊಟ್ಟು ಕೊಂಡವನಿಗೆ, ಇಷ್ಟು ಉಪಯುಕ್ತವಾದ ವಸ್ತುವು ಬೆಲೆಯಿಲ್ಲದೆ ಬಂದಾಗ ಎಲ್ಲಿಂದ ಬಂತೆಂದು ಕೇಳಬೇಕೆನಿಸಲಿಲ್ಲ. ಕೇಳಬೇಕೆನಿಸದ ಆ ಉದಾಸೀನಕ್ಕೇ ಪ್ರಮಾದವೆಂಬ ಹೆಸರಿರುವುದು.

ನಮ್ಮ ದೇಶದ ಕಾನೂನೂ ತಿಳಿವಿನ ಈ ಭೇದವನ್ನು ಬಲ್ಲದು. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಗಣಕಯಂತ್ರದ ಕ್ರಮವಿಧಿಗಳಿಗೆ 1984ರ ತಿದ್ದುಪಡಿಯಿಂದ ಸ್ಥಾನ ದೊರೆಯಿತು. ಅವುಗಳನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿ ಎಣಿಸಲಾಗಿದೆ. 1994ರಲ್ಲಿ ಸೇರಿಸಲಾದ 63-ಬಿ ಕಲಮಿನಂತೆ, ನಕಲೆಂದು ತಿಳಿದೂ ಬಳಸುವವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಲಾಗಿದೆ. ಲಾಭಕ್ಕಾಗಿ ಅಲ್ಲದೆ ಬಳಸಿದ್ದರೆ ನ್ಯಾಯಾಲಯವು ಸೆರೆಯನ್ನು ಬಿಟ್ಟು ದಂಡವನ್ನಷ್ಟೇ ಹಾಕಬಹುದು. ದಂಡದ ಭಯದಿಂದ ವ್ರತ ಪಾಲಿಸಬೇಕೆಂದು ನಾನು ಹೇಳುತ್ತಿಲ್ಲ. ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರವನ್ನು ಆಚಾರ್ಯರು ಹೇಳಿರುವುದರಿಂದ, ಉಚಿತವಾದ ನ್ಯಾಯವನ್ನು ಮೀರಿದ ರೀತಿಯಲ್ಲಿ ಕೊಡು-ಕೊಳ್ಳುವಿಕೆ ಮಾಡುವುದೇ ವ್ರತದ ಮಾಲಿನ್ಯವೆಂಬುದನ್ನು ನೆನಪಿಸುತ್ತಿದ್ದೇನೆ.

ಕಾನೂನು ಎಳೆದ ಗೆರೆಯೇ ಧರ್ಮದ ಗೆರೆಯೆಂದೂ ಇದರಿಂದ ಭ್ರಮಿಸಬಾರದು. ಲೇಖಕನ ಮರಣಾನಂತರ ಐವತ್ತು ವರ್ಷ ಇದ್ದ ಸ್ವಾಮ್ಯವನ್ನು 1992ರಲ್ಲಿ ಅರವತ್ತಕ್ಕೆ ಏರಿಸಿದರು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುತ್ತಿದ್ದ ಸಂದರ್ಭವದು. ಬಿಡುಗಡೆಯಾಗಲಿದ್ದುದು ಮತ್ತೆ ಹತ್ತು ವರ್ಷ ಬಂಧನದಲ್ಲಿ ಉಳಿಯಿತು. ದೆಹಲಿ ವಿಶ್ವವಿದ್ಯಾಲಯದ ಆವರಣದ ನೆರಳಚ್ಚು ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶಕರು 2012ರಲ್ಲಿ ಹೂಡಿದ ದಾವೆಯನ್ನು ದೆಹಲಿ ಉಚ್ಚ ನ್ಯಾಯಾಲಯವು 2016ರಲ್ಲಿ ತಳ್ಳಿಹಾಕಿ, ಬೋಧನೆಗಾಗಿ ಪುಸ್ತಕಭಾಗಗಳ ನಕಲಿಗೆ ಅಧಿನಿಯಮದಲ್ಲಿಯೇ ಅವಕಾಶವಿದೆಯೆಂದು ನಿರ್ಣಯಿಸಿತು. ವೃತ್ತಿಯಲ್ಲಿ ಉಪಾಧ್ಯಾಯನಾಗಿದ್ದ ನನಗೆ ಆ ತೀರ್ಪು ಸಂತೋಷ ತಂದಿತು. ರಾಜ್ಯವೇ ಬೀದಿಯೆಂದು ಬಿಟ್ಟುಕೊಟ್ಟಲ್ಲಿ ನಡೆಯಲು ವ್ರತಿಗೆ ಅಡ್ಡಿಯಿಲ್ಲ. ಗೆರೆ ಸರಿಯಿಲ್ಲವೆನಿಸಿದರೆ ಅದನ್ನು ಬಹಿರಂಗವಾಗಿ ಪ್ರಶ್ನಿಸಬೇಕು, ಕತ್ತಲಲ್ಲಿ ದಾಟಬಾರದು.

ಈಗ ನಮ್ಮ ಸಮಾಜದವರಿಗೆ ತುಸು ಅಪ್ರಿಯವಾದ ಮಾತು. ಜೈನ ಗ್ರಂಥಗಳ ಹೊಸ ಸಂಪಾದನೆಗಳನ್ನೂ ಅನುವಾದಗಳನ್ನೂ ಇಡಿಯಾಗಿ ಛಾಯಾಗ್ರಹಣ ಮಾಡಿ ವಾಟ್ಸ್ಯಾಪ್ ಮೂಲಕ ಸಾವಿರ ಮನೆಗಳಿಗೆ ಕಳಿಸಿ, ಕೆಳಗೆ ‘ಶಾಸ್ತ್ರದಾನ ಮಹಾದಾನ’ ಎಂದು ಬರೆಯುವ ಪದ್ಧತಿ ಹಬ್ಬಿದೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳಲ್ಲ ಎಂದು ಅವರು ಉದಾಹರಿಸುತ್ತಾರೆ. ಆದರೆ ಆಕೆಯು ಓಲೆಗೂ ಲಿಪಿಕಾರರಿಗೂ ತನ್ನ ಧನವನ್ನು ವ್ಯಯಿಸಿದಳು. ದಾನವೆಂದರೆ ತನ್ನದಾದುದನ್ನು ಬಿಟ್ಟುಕೊಡುವುದೆಂದು ಸೂತ್ರಕಾರರ ಅಭಿಪ್ರಾಯ. ಹತ್ತು ವರ್ಷ ಕಣ್ಣು ಸವೆಸಿದ ಪಂಡಿತನದನ್ನೂ, ಸಾಲಮಾಡಿ ಅಚ್ಚು ಹಾಕಿಸಿದ ಪ್ರಕಾಶಕನದನ್ನೂ ನಾವು ‘ದಾನ’ ಮಾಡಿದರೆ ಅದರಲ್ಲಿ ನಮ್ಮದಾಗಿ ಬಿಟ್ಟುಕೊಟ್ಟದ್ದು ಏನು? ಮೂಲಗ್ರಂಥವು ಪೂರ್ವಾಚಾರ್ಯರದು, ಸರ್ವರ ಬೀದಿ. ಸಂಪಾದಕನ ಪೀಠಿಕೆ, ಟಿಪ್ಪಣಿ, ಅನುವಾದಗಳು ಅವನ ಮನೆ. ಒಂದು ಪತ್ರ ಬರೆದು ಅನುಮತಿ ಕೇಳಿದರೆ ನಮ್ಮ ಪಂಡಿತರಲ್ಲಿ ಬಹುಮಂದಿ ಸಂತೋಷದಿಂದ ಕೊಟ್ಟಾರು. ಆ ಒಂದು ಪತ್ರವನ್ನೇ ನಾವು ಬರೆಯುವುದಿಲ್ಲ.

ಇಷ್ಟು ನಿಷ್ಠುರವಾಗಿ ಬರೆದ ಮೇಲೆ ನನ್ನನ್ನೇ ಕಾಡುವ ಒಂದು ಪ್ರಸಂಗವನ್ನು ಮುಚ್ಚಿಡಲಾರೆ. ಅದು ಧವಲಗ್ರಂಥಗಳ ಕಥೆ.

ಷಟ್ಖಂಡಾಗಮದ ಧವಲಾ ಟೀಕೆ, ಕಷಾಯಪ್ರಾಭೃತದ ಜಯಧವಲಾ ಟೀಕೆ, ಮಹಾಬಂಧ ಇವುಗಳ ಹಳಗನ್ನಡ ಲಿಪಿಯ ಓಲೆಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಅವು ದರ್ಶನಕ್ಕೆ ಇದ್ದವೇ ಹೊರತು ಓದುವುದಕ್ಕೆ ಇರಲಿಲ್ಲ. ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಮುಂಬಯಿಯ ಸೇಠ್ ಮಾಣಿಕಚಂದರೂ ಸೊಲ್ಲಾಪುರದ ಸೇಠ್ ಹಿರಾಚಂದ ನೇಮಚಂದರೂ ಪ್ರಯತ್ನಪಟ್ಟು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿಯ ಕಾರ್ಯವನ್ನು ಆರಂಭಿಸಿದರು. ಪ್ರತಿಯು ಬಸದಿಯಲ್ಲಿಯೇ ಉಳಿಯತಕ್ಕದ್ದು, ಹೊರಗೆ ಹೋಗತಕ್ಕದ್ದಲ್ಲ. ಲಿಪಿಕಾರರಲ್ಲೊಬ್ಬರಾದ ಗಜಪತಿ ಉಪಾಧ್ಯಾಯರು ಬಸದಿಗಾಗಿ ಬರೆಯುತ್ತಿರುವಾಗಲೇ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಇನ್ನೊಂದು ಕನ್ನಡ ಪ್ರತಿಯನ್ನು ಗುಪ್ತವಾಗಿ ಸಿದ್ಧಪಡಿಸಿದರು. ಅದನ್ನು ಹಿರಾಚಂದರ ಬಳಿಗೆ ಒಯ್ದಾಗ ಅವರು ಸ್ವೀಕರಿಸಲಿಲ್ಲ; ಮಾಣಿಕಚಂದರಿಗೂ ಸ್ವೀಕರಿಸಬೇಡಿರೆಂದು ಬರೆದರು. ಆ ಗ್ರಂಥಗಳು ಲೋಕಕ್ಕೆ ಬರಲೆಂದು ದುಡಿದವರೇ, ಅವು ಮನೆಯ ಬಾಗಿಲಿಗೆ ಬಂದಾಗ ಕೈ ಹಿಂದೆಗೆದರು! ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿ ಇಟ್ಟರು. ಅಲ್ಲಿ ನಾಗರೀ ಲಿಪಿಗೆ ಇಳಿಸುವಾಗ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಮತ್ತೊಂದು ಪ್ರತಿಯನ್ನು ಮಾಡಿಕೊಂಡರು. ಆ ಪ್ರತಿಯ ಸಂತಾನವೇ ಉತ್ತರದ ಅನೇಕ ಭಂಡಾರಗಳನ್ನು ಸೇರಿತು. ಅವುಗಳ ಆಧಾರದಿಂದ ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ಹದಿನಾರು ಸಂಪುಟಗಳಲ್ಲಿ ಆ ಕೃತಿ ಪೂರ್ಣವಾಯಿತು. ಮುಂದೆ ಮೂಡುಬಿದಿರೆಯವರೇ ಮನಸ್ಸು ತೆರೆದು ಮೂಲ ಓಲೆಗಳೊಡನೆ ಪಾಠ ತಾಳೆ ನೋಡಲು ಸಹಕರಿಸಿದರು.

ನಾನು ಧವಲೆಯ ಮೊದಲ ಸಂಪುಟವನ್ನು ಓದಿದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಅದರ ಹಿಂದೆ ಎರಡು ಗುಪ್ತಪ್ರತಿಗಳಿವೆಯೆಂಬುದನ್ನು ಸಂಪಾದಕರ ಪೀಠಿಕೆಯಲ್ಲಿಯೇ ಓದಿದೆ. ಓದಿ ಸಂತೋಷಪಟ್ಟೆನೇ ಹೊರತು ತದಾಹೃತಾದಾನದ ನೆನಪು ನನಗೆ ಆಗ ಬರಲಿಲ್ಲ. ಈಗ ಬಂದಿದೆ. ಉಪಾಧ್ಯಾಯರು ಮಾಡಿದ್ದು ಸ್ತೇಯವೇ? ಅವರು ಒಪ್ಪಿಕೊಂಡ ಕಟ್ಟಳೆಯನ್ನು ಮೀರಿದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಫಲವು ಒಳ್ಳೆಯದಾಯಿತೆಂದು ಉಪಾಯವು ಶುದ್ಧವಾಗುವುದಿಲ್ಲ. ವ್ರತದ ದೃಷ್ಟಿಯಿಂದ ನಿಂತವರು ಹಿರಾಚಂದರು. ಆದರೆ ಎಲ್ಲರೂ ಹಿರಾಚಂದರೇ ಆಗಿದ್ದರೆ ನನ್ನ ಕೈಗೆ ಧವಲೆ ಬರುತ್ತಿತ್ತೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಬಂದುದನ್ನು ಓದದೆ ಇರುತ್ತಿದ್ದೆನೇ ಎಂದರೆ, ಇಲ್ಲ, ಓದುತ್ತಿದ್ದೆ.

ಇದೇ ಪ್ರಸಂಗದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ಸೂತ್ರಕಾರರು ನಿಹ್ನವವನ್ನೂ ಮಾತ್ಸರ್ಯವನ್ನೂ ಹೇಳಿದ್ದಾರೆ. ಬಲ್ಲುದನ್ನು ಅರಿಯೆನೆಂದು ಮರೆಮಾಚುವುದು ನಿಹ್ನವ. ಕೊಡಲು ಯೋಗ್ಯವಾದ ಜ್ಞಾನವನ್ನು ಏನೋ ಕಾರಣವೊಡ್ಡಿ ಕೊಡದಿರುವುದು ಮಾತ್ಸರ್ಯ. ಬಾಗಿಲು ಮುರಿಯುವವನಿಗೆ ಒಂದು ಪಾಪವಾದರೆ, ತೆರೆಯಬೇಕಾದ ಬಾಗಿಲನ್ನು ಮುಚ್ಚಿದವನಿಗೂ ಒಂದುಂಟು. ಆಚಾರ್ಯರು ಇದನ್ನು ಮೋಕ್ಷಸಾಧನವಾದ ತತ್ತ್ವಜ್ಞಾನದ ವಿಷಯದಲ್ಲಿ ಹೇಳಿದ್ದಾರೆಯೇ ಹೊರತು ಲೆಕ್ಕಪತ್ರದ ತಂತ್ರಾಂಶದ ವಿಷಯದಲ್ಲಿ ಅಲ್ಲ. ಆದುದರಿಂದ ಗಣಕಯಂತ್ರದ ವ್ಯಾಪಾರಿಗಳನ್ನೆಲ್ಲ ಜ್ಞಾನಾವರಣಕ್ಕೆ ಗುರಿಮಾಡುವುದು ಶಾಸ್ತ್ರವನ್ನು ಎಳೆದಾಡಿದಂತಾದೀತು. 1976ರಲ್ಲಿ ಬಿಲ್ ಗೇಟ್ಸ್ ಎಂಬ ಯುವಕನು ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ತಾವು ಶ್ರಮಪಟ್ಟು ರಚಿಸಿದ ಕ್ರಮವಿಧಿಯನ್ನು ಬಹುಪಾಲು ಜನರು ಬೆಲೆ ಕೊಡದೆ ನಕಲು ಮಾಡಿಕೊಂಡಿದ್ದಾರೆಂದು ದೂರಿದನು. ದುಡಿದವನು ಕೂಲಿ ಕೇಳುವುದು ಮಾತ್ಸರ್ಯವಲ್ಲ. ಆದರೆ ಕೂಲಿ ಸಂದ ಬಳಿಕವೂ, ಕೊಂಡವನು ಒಳಗೇನಿದೆಯೆಂದು ನೋಡಬಾರದು, ಕೆಟ್ಟರೆ ತಾನೇ ಸರಿಪಡಿಸಬಾರದು, ನೆರೆಯವನಿಗೆ ಹೇಳಿಕೊಡಬಾರದು ಎಂದಾಗ ಅಲ್ಲಿ ಲೋಭದ ವಾಸನೆ ಬರುತ್ತದೆ. ಪೇಟೆಂಟಿನ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಕೃತಿಸ್ವಾಮ್ಯವು ಬರೆದ ಬರಹವನ್ನಷ್ಟೇ ಕಾಯುತ್ತದೆ. ಪೇಟೆಂಟು, ಮತ್ತೊಬ್ಬನು ಸ್ವತಂತ್ರವಾಗಿ ಅದೇ ಉಪಾಯವನ್ನು ಕಂಡುಕೊಂಡರೂ ಇಪ್ಪತ್ತು ವರ್ಷ ಅವನನ್ನು ತಡೆಯುತ್ತದೆ. ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಕೊಂಡಿರುವುದಿಲ್ಲ. ಆದುದರಿಂದ ನಮ್ಮ ಪೇಟೆಂಟು ಅಧಿನಿಯಮವು ಬರಿಯ ಗಣಕ ಕ್ರಮವಿಧಿಯನ್ನು ಪೇಟೆಂಟಿಗೆ ಅರ್ಹವಲ್ಲವೆಂದು ಹೇಳಿರುವುದು ನನಗೆ ಸಮಂಜಸವೆನಿಸಿದೆ.

ಬಾಗಿಲನ್ನು ತಾವೇ ತೆರೆದಿಟ್ಟವರೂ ಇದ್ದಾರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಮುಕ್ತ ತಂತ್ರಾಂಶದ ಸಂಕಲ್ಪವನ್ನು ಸಾರಿ, 1989ರಲ್ಲಿ ಅದಕ್ಕೊಂದು ಪರವಾನಗಿಯನ್ನು ರಚಿಸಿದರು. ಯಾರೂ ಬಳಸಬಹುದು, ಒಳಗನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಹಂಚುವವನು ತಾನು ಪಡೆದ ಸ್ವಾತಂತ್ರ್ಯವನ್ನೇ ಪಡೆಯುವವನಿಗೂ ಕೊಡಬೇಕು, ಬೀಗ ಹಾಕಕೂಡದು. ಇದನ್ನು ಓದಿದಾಗ ನನಗೆ ನಮ್ಮ ಬಸದಿಗಳ ದಾನಶಾಸನಗಳು ನೆನಪಾದವು. ಭೂಮಿಯನ್ನು ಬಿಟ್ಟುಕೊಟ್ಟ ದಾನಿಯು, ಮುಂದೆ ಯಾರೂ ಅದನ್ನು ಅಪಹರಿಸದಿರಲೆಂದು ಕಲ್ಲಿನ ಕೊನೆಯಲ್ಲಿ ಶಾಪವಾಕ್ಯವನ್ನು ಕೆತ್ತಿಸುತ್ತಿದ್ದನು. ಸ್ಟಾಲ್‌ಮನ್ನರ ಶಾಪವಾಕ್ಯವು ಕೃತಿಸ್ವಾಮ್ಯದ ಕಾನೂನೇ. ಒಂದು ಎಚ್ಚರಿಕೆ: ಬೆಲೆಯಿಲ್ಲದ್ದೆಲ್ಲವೂ ಹೀಗೆ ಬಿಡಲ್ಪಟ್ಟದ್ದಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು ತಮ್ಮ ‘ಬರಹ’ವನ್ನು ಕನ್ನಡಿಗರಿಗೆ ಉಚಿತವಾಗಿ ಕೊಟ್ಟರು, ಮುಂದಿನ ಆವೃತ್ತಿಗಳಿಗೆ ಬೆಲೆಯಿಟ್ಟರು. ಎರಡೂ ಅವರ ಹಕ್ಕು. ಮೊದಲು ಉಚಿತವಿತ್ತೆಂದು ಆಮೇಲಿನದನ್ನು ಬೀಗ ಮುರಿದು ಬಳಸುವವನು, ಅನ್ನದಾನ ಮಾಡಿದವರ ಅಡಿಗೆಮನೆಗೆ ಮರುದಿನ ಕೇಳದೆ ನುಗ್ಗಿದಂತೆ.

ಚಾತುರ್ಮಾಸ್ಯ ಮುಗಿಯುವ ಮುನ್ನ ಮುನಿಮಹಾರಾಜರಲ್ಲಿಗೆ ಹೋಗಿ ಎಲ್ಲವನ್ನೂ ನಿವೇದಿಸಿದೆ. ಅವರು ಗಣಕಯಂತ್ರದ ಸೂಕ್ಷ್ಮಗಳನ್ನೇನೂ ಕೇಳಲಿಲ್ಲ. “ತಿಳಿದ ಮೇಲೆ ಎಷ್ಟು ದಿನ ಬಳಸಿದೆ?” ಎಂದಷ್ಟೇ ಕೇಳಿದರು. ಪಾಠಶಾಲೆಯ ಪರೀಕ್ಷೆ ಸಮೀಪಿಸಿದ್ದರಿಂದ ಹನ್ನೊಂದು ದಿನ ಬಳಸಿದ್ದೆ. ಹನ್ನೊಂದು ಏಕಭುಕ್ತಗಳನ್ನು ವಿಧಿಸಿದರು. ಅವು ಮುಗಿದಿವೆ.

ನನ್ನ ಶಿಷ್ಯನು ಮತ್ತೊಮ್ಮೆ ಬಂದು ಹಳೆಯದನ್ನೆಲ್ಲ ಅಳಿಸಿ ಮುಕ್ತ ತಂತ್ರಾಂಶವನ್ನು ಹಾಕಿಕೊಟ್ಟನು. ಆದರೆ ನಾನು ಬರೆದುದು ಹಳೆಯ ಕಾಲದ ಅಕ್ಷರವಿನ್ಯಾಸದಲ್ಲಿದ್ದುದರಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳು ಜಾಗ ತಪ್ಪಿವೆ, ಅರ್ಕಾವತ್ತು ಹಲವೆಡೆ ಮುಂದಿನ ಅಕ್ಷರಕ್ಕೆ ಹೋಗಿ ಕುಳಿತಿದೆ. ಕರ್ಮ, ಧರ್ಮ, ನಿರ್ಜರೆ ಎಂಬ ಶಬ್ದಗಳಿಲ್ಲದ ಪುಟವೇ ನಮ್ಮಲ್ಲಿಲ್ಲವಾದುದರಿಂದ ಪ್ರತಿ ಸಾಲನ್ನೂ ಕೈಯಿಂದ ತಿದ್ದಬೇಕಾಗಿದೆ. ಚತುರ್ದಶಿಗಳಂದು ಪೂಜೆಯಾದ ಬಳಿಕ ನಾನು ಹಳೆಯ ಕಾಗದದ ಪ್ರತಿಯಿಂದ ಓದುತ್ತೇನೆ, ಪಾಠಶಾಲೆಯ ಇಬ್ಬರು ಹೆಣ್ಣುಮಕ್ಕಳು ತಿದ್ದುತ್ತಾರೆ. ಇನ್ನೂ ನೂರ ನಲವತ್ತು ಪುಟಗಳು ಉಳಿದಿವೆ.